ತಲೆಯ ಮೇಲಿನ ನಾಟಿ: ಯಾರಿಗೆ ಸುಲಭ, ಯಾರಿಗೆ ಕಷ್ಟ?

ಬಸ್ಸಿನ ಹಿಂಬದಿಯಲ್ಲಿ, ಊರಿನ ಗೋಡೆಗಳ ಮೇಲೆ, ಈಗಂತೂ ಅಂಗೈಯಲ್ಲಿರುವ ಮೊಬೈಲಿನಲ್ಲಿ 'ಕೂದಲು ಕಸಿ' ಎಂಬ ಜಾಹೀರಾತು ಕಾಣದ ದಿನವಿಲ್ಲ. ಎಡಗಡೆ ಬೊಕ್ಕತಲೆ, ಬಲಗಡೆ ಅದೇ ಮುಖದ ಮೇಲೆ ಸಿನಿಮಾ ನಾಯಕನಂಥ ಕ್ರಾಪು, ಕೆಳಗೆ ಒಂದು ಗ್ರಾಫ್ಟಿಗೆ ಇಷ್ಟು ರೂಪಾಯಿ ಎಂಬ ದರ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ತರುಣರು ಮೈಸೂರಿಗೋ ಬೆಂಗಳೂರಿಗೋ ಹೋಗಿ ಇದನ್ನು ಮಾಡಿಸಿಕೊಂಡು ಬರುವುದು ಈಗ ಹೊಸ ಸುದ್ದಿಯೇನಲ್ಲ. ಹೊಗೆಸೊಪ್ಪಿನ ಹರಾಜಿನ ಹಣ ಕೈಗೆ ಬಂದ ಕೂಡಲೇ ಹೊರಡುವವರಿದ್ದಾರೆ; ಸಾಲ ಮಾಡಿ ಹೊರಡುವವರೂ ಇದ್ದಾರೆ.

ಇದನ್ನು ಬರೀ ಷೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ. 2023ರ ಫೆಬ್ರುವರಿಯಲ್ಲಿ ಪಕ್ಕದ ಮಂಡ್ಯ ಜಿಲ್ಲೆಯ ಅವಿವಾಹಿತ ತರುಣರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದು ನಿಮಗೆ ನೆನಪಿರಬಹುದು. ರೈತನ ಮಗನಿಗೆ ಹೆಣ್ಣು ಸಿಗುವುದೇ ಕಷ್ಟವಾಗಿರುವಾಗ, ನೆತ್ತಿಯೂ ಖಾಲಿಯಾಗುತ್ತಿದ್ದರೆ ಆ ಹುಡುಗನ ಸಂಕಟ ಅವನಿಗೇ ಗೊತ್ತು. ಆದ್ದರಿಂದ ಮಾಡಿಸಿಕೊಳ್ಳಬೇಕೇ ಬೇಡವೇ ಎಂಬ ಉಪದೇಶ ಈ ವಾರದ ವಿಷಯವಲ್ಲ. ಒಬ್ಬನಿಗೆ ಸುಲಭವಾಗುವ ಈ ಚಿಕಿತ್ಸೆ ಇನ್ನೊಬ್ಬನಿಗೆ ಏಕೆ ಕಷ್ಟವಾಗುತ್ತದೆ, ಅದನ್ನು ಮೊದಲೇ ಅಳೆದು ತಿಳಿಯುವುದು ಹೇಗೆ ಎಂಬುದನ್ನು ನೋಡೋಣ.

ಕಸಿಯಲ್ಲ, ನಾಟಿ

ಮೊದಲು ಹೆಸರನ್ನು ಸರಿಪಡಿಸಿಕೊಳ್ಳೋಣ. ಕಸಿ ಎಂದರೇನೆಂದು ನಮ್ಮ ರೈತರಿಗೆ ಗೊತ್ತು: ಸಾಮಾನ್ಯ ಮಾವಿನ ಗಿಡಕ್ಕೆ ಬಾದಾಮಿ ಮಾವಿನ ಕುಡಿಯನ್ನು ಸೇರಿಸಿ ಕಟ್ಟುವುದು. ಅಲ್ಲಿ ಎರಡು ಗಿಡಗಳು ಒಂದಾಗುತ್ತವೆ. ತಲೆಯ ಮೇಲೆ ನಡೆಯುವುದು ಅದಲ್ಲ. ತಲೆಯ ಹಿಂಭಾಗದ ಕೂದಲನ್ನು ಬೇರುಸಹಿತ ಕಿತ್ತು, ಮುಂದೆ ಖಾಲಿ ಬಿದ್ದ ಜಾಗದಲ್ಲಿ ನೆಡುತ್ತಾರೆ. ಇದು ಅಪ್ಪಟ ನಾಟಿ ಕೆಲಸ. ಕೆ.ಆರ್. ನಗರದ ನಾಲಾ ಬಯಲಿನಲ್ಲಿ ಭತ್ತದ ಪೈರು ಕಿತ್ತು ಗದ್ದೆಗೆ ನೆಡುವುದು, ಹುಣಸೂರು, ಪಿರಿಯಾಪಟ್ಟಣದಲ್ಲಿ ಸಸಿಮಡಿಯಿಂದ ಹೊಗೆಸೊಪ್ಪಿನ ಸಸಿ ತಂದು ಹೊಲದಲ್ಲಿ ನೆಡುವುದು, ಇದೇ ತತ್ವ.

ಹೆಸರಿನ ಈ ವ್ಯತ್ಯಾಸ ಬಹಳ ಮುಖ್ಯ. ಏಕೆಂದರೆ ನಾಟಿಯಲ್ಲಿ ಹೊಸ ಸಸಿ ಹುಟ್ಟುವುದಿಲ್ಲ. ಇದ್ದದ್ದು ಜಾಗ ಬದಲಾಯಿಸುತ್ತದೆ ಅಷ್ಟೇ. ಭತ್ತದ ಪೈರು ಸಾಲದಿದ್ದರೆ ಪಕ್ಕದ ಮನೆಯವರಿಂದ ಎರಡು ಕಟ್ಟು ತರಬಹುದು. ತಲೆಯ ವಿಷಯದಲ್ಲಿ ಅದೂ ಸಾಧ್ಯವಿಲ್ಲ. ಇನ್ನೊಬ್ಬರ ಕೂದಲಿನ ಬೇರನ್ನು ನಮ್ಮ ದೇಹ ಪರಕೀಯವೆಂದು ಗುರುತಿಸಿ ಹೊರಹಾಕುತ್ತದೆ. ಅಣ್ಣ ತಮ್ಮಂದಿರ ಕೂದಲೂ ಆಗದು. ನಮ್ಮ ಸಸಿಮಡಿ ಎಷ್ಟು ಕೊಡುತ್ತದೆಯೋ ಅಷ್ಟೇ.

ಹಿಂದಿನ ಕೂದಲನ್ನು ಮುಂದೆ ನೆಟ್ಟರೆ ಅದೂ ಉದುರಿಹೋಗುವುದಿಲ್ಲವೇ? ಇದು ತಕ್ಷಣ ಏಳುವ ಪ್ರಶ್ನೆ. 1939ರಲ್ಲಿ ಜಪಾನಿನ ಷೋಜಿ ಒಕುಡ ಎಂಬ ಚರ್ಮವೈದ್ಯರು ಸುಟ್ಟಗಾಯದಿಂದ ಕೂದಲು ಹೋದ ಜಾಗದಲ್ಲಿ ಕೂದಲುಳ್ಳ ಚರ್ಮದ ಪುಟ್ಟ ತುಣುಕುಗಳನ್ನು ನೆಟ್ಟ ವಿವರ ಪ್ರಕಟಿಸಿದರು. ಎರಡನೇ ಮಹಾಯುದ್ಧದ ಗದ್ದಲದಲ್ಲಿ ಅದು ಹೊರಜಗತ್ತಿಗೆ ತಿಳಿಯಲಿಲ್ಲ. ಮುಂದೆ 1952ರಲ್ಲಿ ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಬೊಕ್ಕತಲೆಗೆ ಇದೇ ಪ್ರಯೋಗ ಮಾಡಿದರು. 1959ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಅವರು ಕಂಡುಕೊಂಡದ್ದು ಇಷ್ಟು: ಕೂದಲು ಯಾವ ಜಾಗಕ್ಕೆ ಹೋಯಿತು ಎಂಬುದಕ್ಕಿಂತ ಯಾವ ಜಾಗದಿಂದ ಬಂತು ಎಂಬುದೇ ಅದರ ಹಣೆಬರಹವನ್ನು ನಿರ್ಧರಿಸುತ್ತದೆ. ಜ್ಯೋತಿ ಭತ್ತದ ಪೈರನ್ನು ಯಾವ ಗದ್ದೆಗೆ ನೆಟ್ಟರೂ ಅದು ಜ್ಯೋತಿಯೇ ತಾನೆ? ಹಾಗೆ.

ಗಂಡಸರ ಬೊಕ್ಕತಲೆಗೆ ಕಾರಣ ಡೈಹೈಡ್ರೋಟೆಸ್ಟೊಸ್ಟಿರೋನ್ ಎಂಬ ಹಾರ್ಮೋನು ಮತ್ತು ಅದಕ್ಕೆ ಸುಲಭವಾಗಿ ಸೋಲುವ, ವಂಶವಾಹಿಯಿಂದ ಬಂದ ಕೂದಲಿನ ಬೇರುಗಳು. ಹಣೆ, ನೆತ್ತಿಗಳ ಬೇರುಗಳು ಸೋತು, ಕೂದಲು ವರ್ಷದಿಂದ ವರ್ಷಕ್ಕೆ ನವಿರಾಗಿ ಕೊನೆಗೆ ಇಲ್ಲವಾಗುತ್ತದೆ. ಹಿಂದಲೆ ಮತ್ತು ಕಿವಿಯ ಮೇಲಿನ ಪಟ್ಟಿಯ ಬೇರುಗಳು ಬಹುಮಟ್ಟಿಗೆ ಜಗ್ಗುವುದಿಲ್ಲ. ಆ ಪಟ್ಟಿಯೇ ನಮ್ಮ ಸಸಿಮಡಿ.

ಹಾಸಿಗೆ ಇದ್ದಷ್ಟು ಕಾಲು

ಈಗ ಅಳತೆಗೆ ಬರೋಣ. ಎಲೆಯ ವಿಸ್ತೀರ್ಣ ಕಂಡುಹಿಡಿಯಲು ಶಾಲೆಯಲ್ಲಿ ಅದನ್ನು ಗ್ರಾಫ್ ಹಾಳೆಯ ಮೇಲಿಟ್ಟು, ಸುತ್ತ ಗೆರೆ ಎಳೆದು, ಚೌಕಗಳನ್ನು ಎಣಿಸಿದ್ದು ನೆನಪಿದೆಯೇ? ಬೋಳಾದ ಜಾಗವನ್ನೂ ಹಾಗೆಯೇ ಅಳೆಯಬಹುದು. ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತಲೆಯ ಮೇಲೆ ಹಾಸಿ, ಗೆರೆ ಹಾಕಿ, ಗ್ರಾಫ್ ಹಾಳೆಯ ಮೇಲಿಟ್ಟು ಎಣಿಸಿದರೆ ಚದರ ಸೆಂಟಿಮೀಟರಿನ ಲೆಕ್ಕ ಸಿಗುತ್ತದೆ.

ನಮ್ಮ ಕೂದಲು ಒಂಟಿಯಾಗಿ ಬೆಳೆಯುವುದಕ್ಕಿಂತ ಹೆಚ್ಚಾಗಿ ಎರಡು, ಮೂರು, ಕೆಲವೊಮ್ಮೆ ನಾಲ್ಕರ ಗುಂಪಿನಲ್ಲಿ ಬೆಳೆಯುತ್ತದೆ. ಒಂದು ಗುಣಿಗೆ ಎರಡು ಮೂರು ಪೈರು ಇಡುವ ಹಾಗೆ. ಈ ಒಂದು ಗುಂಪನ್ನೇ ಗ್ರಾಫ್ಟ್ ಎನ್ನುವುದು. ಸರಾಸರಿ ಒಂದು ಗ್ರಾಫ್ಟಿನಲ್ಲಿ ಎರಡು ಕೂದಲು. ಆರೋಗ್ಯವಂತ ತಲೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 70 ಗ್ರಾಫ್ಟುಗಳಿರುತ್ತವೆ. ಹಿಂದಲೆಯ ಭದ್ರವಾದ ಪಟ್ಟಿ ಸುಮಾರು 200 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅಲ್ಲಿ 14,000 ಗ್ರಾಫ್ಟುಗಳಿವೆ. ಎಲ್ಲವನ್ನೂ ಕೀಳುವಂತಿಲ್ಲ, ಕಿತ್ತರೆ ಹಿಂದಲೆಯೇ ಬೋಳು. ಹಿಂದಲೆ ತೆಳುವಾದದ್ದು ಕಣ್ಣಿಗೆ ಹೊಡೆಯದಂತೆ ಇಡೀ ಜೀವಮಾನದಲ್ಲಿ ತೆಗೆಯಬಹುದಾದದ್ದು ಸಾಮಾನ್ಯವಾಗಿ ನಾಲ್ಕರಿಂದ ಆರು ಸಾವಿರ.

ಇತ್ತ ಗದ್ದೆಯ ಲೆಕ್ಕ ನೋಡಿ. ಹಣೆಯಿಂದ ನೆತ್ತಿಯ ಹಿಂಭಾಗದವರೆಗೆ ಪೂರ್ತಿ ಬೋಳಾದವರಲ್ಲಿ ಖಾಲಿ ಜಾಗವೇ ಸುಮಾರು 200 ಚದರ ಸೆಂಟಿಮೀಟರ್ ಆಗಬಹುದು. ಮೊದಲಿನ ಅರ್ಧದಷ್ಟು ದಟ್ಟಣೆ, ಅಂದರೆ ಚದರ ಸೆಂಟಿಮೀಟರಿಗೆ 35 ಗ್ರಾಫ್ಟು ನೆಟ್ಟರೂ 7,000 ಬೇಕು. ಸಸಿಮಡಿಯಲ್ಲಿ ಅಷ್ಟಿಲ್ಲ. ಅದೇ ವ್ಯಕ್ತಿ ಮುಂದಲೆಯ 65 ಚದರ ಸೆಂಟಿಮೀಟರ್ ಮಾತ್ರ ತುಂಬಿಸಿಕೊಂಡು ನೆತ್ತಿಯನ್ನು ಬಿಟ್ಟರೆ ಸುಮಾರು 2,300 ಸಾಕು. ಎದುರಿಗೆ ಕೂತವರಿಗೆ ಮುಖಕ್ಕೊಂದು ಚೌಕಟ್ಟು ಕಾಣುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತದೆ.

ಬೊಕ್ಕತಲೆಯ ಹಂತಗಳನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ವಿಂಗಡಿಸಿದರು. ಓ'ಟಾರ್ ನಾರ್ವುಡ್ 1975ರಲ್ಲಿ ಅದನ್ನು ತಿದ್ದಿ ಏಳು ದರ್ಜೆ ಮಾಡಿದರು. ವೈದ್ಯರು ಇಂದಿಗೂ ಇದನ್ನೇ ಬಳಸುತ್ತಾರೆ. ಒಂದನೆಯ ದರ್ಜೆಯಲ್ಲಿ ತಲೆ ತುಂಬ ಕೂದಲು, ಏಳನೆಯದರಲ್ಲಿ ಕಿವಿಯಿಂದ ಕಿವಿಗೆ ಸಣ್ಣ ಪಟ್ಟಿ ಮಾತ್ರ. ಆದರೆ ದರ್ಜೆಯೊಂದನ್ನೇ ನೋಡಿ ಕಷ್ಟ ಸುಲಭ ಹೇಳಲು ಬರುವುದಿಲ್ಲ. ಗದ್ದೆ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಸಸಿಮಡಿ ಹೇಗಿದೆ ಎಂಬುದನ್ನು ಹೇಳುವುದಿಲ್ಲ.

ಸಸಿಯ ಗುಣ

ಸಸಿಮಡಿಯಲ್ಲಿ ಮೂರು ಸಂಗತಿ ನೋಡಬೇಕು. ಮೊದಲನೆಯದು ಕೂದಲಿನ ದಪ್ಪ. ಒಬ್ಬರ ಕೂದಲು 50 ಮೈಕ್ರಾನ್, ಇನ್ನೊಬ್ಬರದು 75 ಮೈಕ್ರಾನ್ ಇದೆ ಎನ್ನಿ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ದಪ್ಪದಲ್ಲಿ ಒಂದೂವರೆ ಪಟ್ಟು ವ್ಯತ್ಯಾಸ, ಆದರೆ ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾದ್ದರಿಂದ ಎರಡನೆಯವರ ಒಂದು ಕೂದಲು ಮೊದಲನೆಯವರ ಎರಡೂಕಾಲು ಕೂದಲಿಗೆ ಸಮ. ದಪ್ಪ ಕೂದಲಿನವರ 2,000 ಗ್ರಾಫ್ಟಿನಲ್ಲಿರುವಷ್ಟು ಕೂದಲಿನ ರಾಶಿ ಬೇಕಾದರೆ ನವಿರು ಕೂದಲಿನವರಿಗೆ 4,500 ಬೇಕಾಗುತ್ತದೆ. ಇಬ್ಬರೂ ಒಂದೇ ದುಡ್ಡು ಕೊಟ್ಟು ಒಂದೇ ಫಲ ನಿರೀಕ್ಷಿಸಿದರೆ ಒಬ್ಬರಿಗೆ ನಿರಾಸೆ ಖಂಡಿತ.

ಎರಡನೆಯದು ಕೂದಲಿನ ಆಕಾರ. ಗುಂಗುರು ಕೂದಲು ನೆಟ್ಟ ಮೇಲೆ ಹೆಚ್ಚು ಜಾಗ ಮುಚ್ಚುತ್ತದೆ. ಆದರೆ ಕೀಳುವಾಗ ಅದೇ ಕಷ್ಟ. ಚರ್ಮದ ಮೇಲೆ ಸುರುಳಿಯಾದ ಕೂದಲು ಒಳಗೂ ಬಾಗಿರುತ್ತದೆ. ಒಂದೊಂದೇ ಗುಂಪನ್ನು ಕೀಳುವ ವಿಧಾನದಲ್ಲಿ ಒಂದು ಮಿಲಿಮೀಟರಿಗಿಂತ ಕಿರಿದಾದ ಕೊಳವೆಯನ್ನು ನೇರವಾಗಿ ಇಳಿಸುತ್ತಾರೆ; ಬೇರು ಬಾಗಿದ್ದರೆ ಅದು ಮಧ್ಯಕ್ಕೇ ತುಂಡಾಗುತ್ತದೆ. ಬೇರು ತುಂಡಾದ ಸಸಿ ನಾಟಿಗೆ ಬಾರದು. ನುರಿತ ಕೈ ಬೇಕಾಗುವುದು ಇಂಥಲ್ಲಿ.

ಮೂರನೆಯದು ಬಣ್ಣ. ಬಿಳಿ ಚರ್ಮದ ಮೇಲೆ ಕಪ್ಪು ಕೂದಲಿದ್ದರೆ ನಡುವಿನ ಖಾಲಿ ಜಾಗ ಎದ್ದು ಕಾಣುತ್ತದೆ. ನಮ್ಮ ಕಂದು ಚರ್ಮಕ್ಕೂ ಕಪ್ಪು ಕೂದಲಿಗೂ ಅಷ್ಟು ಅಂತರವಿಲ್ಲದ್ದರಿಂದ ನಮಗೆ ಸ್ವಲ್ಪ ಅನುಕೂಲ. ಕರಿಬಿಳಿ ಬೆರೆತ ಕೂದಲೂ ಖಾಲಿ ಜಾಗವನ್ನು ಮರೆಮಾಡುತ್ತದೆ. ಪೂರ್ತಿ ಬೆಳ್ಳಗಾದ ಕೂದಲಿನ ಬೇರು ಮಾತ್ರ ಕೀಳುವವರ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಮೊದಲು ಬಣ್ಣ ಹಚ್ಚುವುದುಂಟು.

ನಂಜನಗೂಡಿಗೋ ತಿರುಪತಿಗೋ ಹೋಗಿ ಮುಡಿ ಕೊಟ್ಟು ಬಂದವರ ತಲೆಯನ್ನು ಎರಡು ಮೂರು ದಿನದ ಮೇಲೆ ಗಮನಿಸಿ. ಹಿಂದಲೆಯಲ್ಲಿ ಕಪ್ಪು ಚುಕ್ಕಿಗಳು ಒತ್ತೊತ್ತಾಗಿರುತ್ತವೆ, ನೆತ್ತಿಯಲ್ಲಿ ವಿರಳವಾಗಿರುತ್ತವೆ. ಕೆಲವರಲ್ಲಿ ಹಿಂದಲೆಯಲ್ಲೂ ವಿರಳವಾಗಿರುವುದುಂಟು. ಅಂಥವರ ಸಸಿಮಡಿಯೇ ಸೊರಗಿದೆ ಎಂದರ್ಥ. ಅದರಲ್ಲಿ ಎಷ್ಟು ಕೂದಲು ನವಿರಾಗುತ್ತಿದೆ ಎಂಬುದನ್ನು ವೈದ್ಯರು ಟ್ರೈಕೋಸ್ಕೋಪ್ ಎಂಬ ಭೂತಗನ್ನಡಿಯಲ್ಲಿ ನೋಡುತ್ತಾರೆ. ಹಿಂದಲೆಯ ಕೂದಲೂ ನವಿರಾಗುತ್ತಿದ್ದರೆ, ನೆಟ್ಟದ್ದೂ ನಾಳೆ ಉದುರುತ್ತದೆ. ಹೀಗಾಗಿ ಈ ಗುಂಪಿನವರಿಗೆ ನಾಟಿ ಸಲ್ಲದು.

ಮುಡಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಹಿಂದಲೆಯಿಂದ ಚರ್ಮದ ಪಟ್ಟಿಯನ್ನೇ ತೆಗೆದು ಹೊಲಿಯುವ ವಿಧಾನದಲ್ಲಿ ಅಡ್ಡಲಾಗಿ ಒಂದು ಗೆರೆಯ ಕಲೆ ಉಳಿಯುತ್ತದೆ. ಒಂದೊಂದೇ ಕೀಳುವ ವಿಧಾನದಲ್ಲಿ ಗೆರೆಯಿಲ್ಲ, ಸಣ್ಣ ಬಿಳಿ ಚುಕ್ಕಿಗಳು ಉಳಿಯುತ್ತವೆ. ಆಗಾಗ ತಲೆ ಬೋಳಿಸಿಕೊಳ್ಳುವ ಹರಕೆಯಿದ್ದವರು ಇದನ್ನು ವೈದ್ಯರಿಗೆ ಮೊದಲೇ ಹೇಳುವುದು ಒಳ್ಳೆಯದು.

ನಾಲ್ಕು ತಾಲ್ಲೂಕು, ನಾಲ್ಕು ತಲೆ

ಲೆಕ್ಕ ಸ್ಪಷ್ಟವಾಗಲೆಂದು ನಾಲ್ವರನ್ನು ಕಲ್ಪಿಸಿಕೊಳ್ಳೋಣ. ಇವರು ಯಾರೂ ನಿಜವಾದ ವ್ಯಕ್ತಿಗಳಲ್ಲ, ಕ್ಲಾಸಿನಲ್ಲಿ ಕೊಡುವ ಉದಾಹರಣೆಗಳಿದ್ದಂತೆ.

ಮೊದಲನೆಯವನು ಹುಣಸೂರಿನ 23 ವರ್ಷದ ತರುಣ. ಹಣೆಯ ಎರಡು ಮೂಲೆಗಳಲ್ಲಿ ಮಾತ್ರ ಕೂದಲು ಹಿಂದೆ ಸರಿದಿದೆ. ಖಾಲಿ ಜಾಗ 30 ಚದರ ಸೆಂಟಿಮೀಟರ್. 1,200 ಗ್ರಾಫ್ಟು ಸಾಕು, ಅರ್ಧ ದಿನದ ಕೆಲಸ. ನಾಲ್ವರಲ್ಲಿ ಅತಿ ಸುಲಭ ಎಂದು ಯಾರಾದರೂ ಹೇಳುತ್ತಾರೆ. ಆದರೆ ಇವನ ತಂದೆಯೂ ಸೋದರಮಾವನೂ ನಲವತ್ತಕ್ಕೇ ಪೂರ್ತಿ ಬೊಕ್ಕತಲೆಯವರು. ಇವನ ಬೋಳು ಇನ್ನೂ ಶುರುವಾಗಿದೆ ಅಷ್ಟೇ. ಈಗ ಹಣೆಯ ಮೇಲೆ ಹದಿನೆಂಟರ ಹುಡುಗನಂತೆ ಗೆರೆ ಎಳೆದು ನೆಟ್ಟರೆ, ಹತ್ತು ವರ್ಷದಲ್ಲಿ ಅದರ ಹಿಂದಿನ ಸ್ವಂತ ಕೂದಲು ಉದುರಿ, ನೆಟ್ಟ ಕೂದಲು ಮಾತ್ರ ನಡುಗಡ್ಡೆಯಂತೆ ನಿಲ್ಲುತ್ತದೆ. ಅದನ್ನು ತುಂಬಿಸಲು ಮತ್ತೆ ಸಸಿಮಡಿಗೆ ಕೈ ಹಾಕಬೇಕು. ನಿಜವಾಗಿ ನಾಲ್ವರಲ್ಲಿ ಅತಿ ಕಷ್ಟದ ತಲೆ ಇವನದು. ಸರಿಯಾದ ವೈದ್ಯರು ಇವನಿಗೆ ಮೊದಲು ಔಷಧಿ ಕೊಟ್ಟು, ಒಂದೆರಡು ವರ್ಷ ಫೋಟೋ ತೆಗೆಸಿ ಹೋಲಿಸಿ, ಕಾಯಿರಿ ಎನ್ನುತ್ತಾರೆ. ಹಚ್ಚುವ ಮಿನಾಕ್ಸಿಡಿಲ್, ನುಂಗುವ ಫಿನಾಸ್ಟರೈಡ್ ಎರಡಕ್ಕೂ ದಶಕಗಳ ಬಳಕೆಯ ಅನುಭವವಿದೆ. ಎರಡನೆಯದಕ್ಕೆ ಕೆಲವರಲ್ಲಿ ಲೈಂಗಿಕ ಅಡ್ಡಪರಿಣಾಮಗಳಿವೆ, ಆದ್ದರಿಂದ ಅಂಗಡಿಯಲ್ಲಿ ಕೇಳಿ ನುಂಗುವಂಥದ್ದಲ್ಲ.

ಎರಡನೆಯವರು ಪಿರಿಯಾಪಟ್ಟಣದ 48 ವರ್ಷದ ಹೊಗೆಸೊಪ್ಪು ಬೆಳೆಗಾರರು. ಮುಂದಲೆ, ನೆತ್ತಿ ಎರಡೂ ಖಾಲಿ. ನೋಡಿದವರು 'ಇವರದು ಆಗಿಹೋದ ಕಥೆ' ಎನ್ನುತ್ತಾರೆ. ಆದರೆ ಹಿಂದಲೆ ದಟ್ಟವಾಗಿದೆ. ಕೂದಲು ದಪ್ಪ, ಸ್ವಲ್ಪ ಅಲೆಅಲೆ, ಕರಿಬಿಳಿ ಬೆರೆತದ್ದು. ಎಂಟು ಹತ್ತು ವರ್ಷದಿಂದ ಬೋಳು ಹೆಚ್ಚಾಗಿಲ್ಲ. 'ಮುಂದಗಡೆ ಒಂದಿಷ್ಟು ಕಂಡರೆ ಸಾಕು' ಎಂಬುದು ಅವರ ಆಸೆ. ದರ್ಜೆಯಲ್ಲಿ ಕಷ್ಟವೆಂದು ಕಂಡರೂ ಈ ತಲೆ ಸುಲಭದ್ದು. ಒಂದೇ ಷರತ್ತು: ಹೊಗೆಸೊಪ್ಪು ಬೆಳೆಯುವುದಿರಲಿ, ಸೇದುವುದನ್ನು ನಿಲ್ಲಿಸಬೇಕು. ನಿಕೋಟಿನ್ ಸೂಕ್ಷ್ಮ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊಸದಾಗಿ ನೆಟ್ಟ ಬೇರು ರಕ್ತದ ಸಂಪರ್ಕ ಹುಡುಕುವ ಹೊತ್ತಿನಲ್ಲೇ ನಾಲೆಯ ತೂಬು ಮುಚ್ಚಿದಂತಾಗುತ್ತದೆ.

ನೆತ್ತಿಯ ವಿಷಯದಲ್ಲಿ ಅವರು ಆಸೆ ಬಿಟ್ಟದ್ದೂ ಜಾಣತನವೇ. ನೆತ್ತಿಯಲ್ಲಿ ಸುಳಿಯಿರುತ್ತದೆ. ಅಲ್ಲಿ ಕೂದಲು ನಡುವಿನಿಂದ ಹೊರಕ್ಕೆ ಎಲ್ಲ ದಿಕ್ಕಿಗೂ ಹರಡುತ್ತದೆ. ಮುಂದಲೆಯಲ್ಲಿ ಒಂದರ ಮೇಲೊಂದು ಹೆಂಚಿನಂತೆ ಕೂತು ಮುಚ್ಚುವ ಕೂದಲು, ಸುಳಿಯಲ್ಲಿ ನಡುವನ್ನೇ ತೆರೆದು ಬಿಡುತ್ತದೆ. ಜೊತೆಗೆ ಸುಳಿಯ ಸುತ್ತಿನ ಬೋಳು ವಯಸ್ಸಾದಂತೆ ಹಿಗ್ಗುತ್ತದೆ. ಸಸಿಗಳು ಎಷ್ಟಿದ್ದರೂ ನುಂಗುವ ಜಾಗ ಅದು.

ಮೂರನೆಯವರು ಕೆ.ಆರ್. ನಗರದ 61 ವರ್ಷದ ನಿವೃತ್ತರು. ತಲೆಯಲ್ಲಿ ಗದ್ದೆಯೂ ಚಿಕ್ಕದು, ಸಸಿಮಡಿಯೂ ಚೆನ್ನಾಗಿದೆ. ಆದರೆ ಸಕ್ಕರೆ ಕಾಯಿಲೆಯಿದೆ, ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ ನುಂಗುತ್ತಾರೆ. ಮಾತ್ರೆ ಮುಂದುವರಿಸಿದರೆ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ರಕ್ತ ಜಿನುಗಿ, ನೆಟ್ಟದ್ದು ಹೊರಕ್ಕೆ ತಳ್ಳಿಬರುತ್ತದೆ. ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳುವ ಅಪಾಯ. ಇಲ್ಲಿ ಕಷ್ಟ ಇರುವುದು ತಲೆಯಲ್ಲಲ್ಲ, ಎದೆಯಲ್ಲಿ. ಹೃದಯದ ವೈದ್ಯರ ಒಪ್ಪಿಗೆ ಇಲ್ಲದೆ ಯಾರೂ ಮುಂದುವರಿಯಬಾರದು. ಕೂದಲಿಗಾಗಿ ತಾವೇ ಮಾತ್ರೆ ನಿಲ್ಲಿಸುವುದಂತೂ ಪ್ರಾಣದ ಜೊತೆ ಆಟ.

ನಾಲ್ಕನೆಯವರು ಎಚ್.ಡಿ. ಕೋಟೆಯ 30 ವರ್ಷದ ಗೃಹಿಣಿ. ಚಿಕ್ಕಂದಿನಲ್ಲಿ ಕುದಿಯುವ ನೀರು ಬಿದ್ದು ಕಿವಿಯ ಮೇಲೆ ಅಂಗೈಯಗಲ ಕೂದಲಿಲ್ಲ. ಒಕುಡ ಅವರ ರೋಗಿಗಳನ್ನು ನೆನಪಿಸುವ ಪ್ರಕರಣ. ಗಾಯ ಮಾಗಿ ವರ್ಷಗಳಾಗಿವೆ, ಬೋಳು ಹಿಗ್ಗುವುದಿಲ್ಲ, ಸಸಿಮಡಿ ಪೂರ್ತಿ ಇದೆ. ಇವು ಅನುಕೂಲಗಳು. ಆದರೆ ಕಲೆಯ ಚರ್ಮ ಗಟ್ಟಿ, ರಕ್ತಸಂಚಾರ ಕಡಿಮೆ. ಕಲ್ಲುನೆಲದಲ್ಲಿ ನಾಟಿ ಮಾಡಿದಂತೆ. ಒಂದೇ ಸಲ ಒತ್ತಾಗಿ ನೆಡದೆ, ಮೊದಲು ವಿರಳವಾಗಿ ನೆಟ್ಟು, ಹಿಡಿಯಿತೇ ಎಂದು ತಿಂಗಳುಗಟ್ಟಲೆ ಕಾದು, ಮತ್ತೆ ನೆಡಬೇಕಾಗುತ್ತದೆ. ಕಷ್ಟದ ಕೆಲಸವೇ, ಆದರೆ ಮಾಡಲು ಯೋಗ್ಯವಾದ ಕೆಲಸ.

ಹೆಂಗಸರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಬಹಳ ಹೆಂಗಸರಲ್ಲಿ ಕೂದಲು ಒಂದು ಕಡೆ ಬೋಳಾಗದೆ ತಲೆಯಿಡೀ ತೆಳುವಾಗುತ್ತದೆ. ಆಗ ಹಿಂದಲೆಯೂ ತೆಳುವಾಗಿರುವುದುಂಟು, ಕೀಳುವುದೆಲ್ಲಿಂದ? ಹೆರಿಗೆಯಾದ ಮೇಲೆ, ಟೈಫಾಯ್ಡ್, ಡೆಂಗಿಯಂಥ ಜ್ವರ ಬಂದುಹೋದ ಎರಡು ಮೂರು ತಿಂಗಳಿಗೆ ರಾಶಿ ಕೂದಲು ಉದುರುವುದೂ ಉಂಟು. ಇದು ಬಹುಪಾಲು ತಾನಾಗಿಯೇ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆಯಿದ್ದರೆ ಅದಕ್ಕೆ ಚಿಕಿತ್ಸೆ ಮಾಡಿಸಬೇಕು. ನಾಣ್ಯದಗಲ ಬೋಳಾಗುವ, ಆಡುಮಾತಿನಲ್ಲಿ ಹುಳ ತಿಂದದ್ದು ಎನ್ನುವ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬೇರಿನ ಮೇಲೆ ದಾಳಿ ಮಾಡುತ್ತಿರುತ್ತದೆ. ಅಲ್ಲಿ ನೆಟ್ಟರೆ ನೆಟ್ಟದ್ದೂ ಹೋಗುತ್ತದೆ. ಬೆಂಕಿ ಆರದ ಹೊಲದಲ್ಲಿ ಯಾರಾದರೂ ಸಸಿ ನೆಡುತ್ತಾರೆಯೇ?

ಅರಿವಳಿಕೆಯ ಲೆಕ್ಕ

ಇದು ಪ್ರಾಣಕ್ಕೆ ಸಂಬಂಧಿಸಿದ ಲೆಕ್ಕವಾದ್ದರಿಂದ ಬಿಡಿಸಿ ಹೇಳುತ್ತೇನೆ. ತಲೆಗೆ ಕೊಡುವ ಅರಿವಳಿಕೆ ಸಾಮಾನ್ಯವಾಗಿ ಲಿಗ್ನೊಕೇನ್. ಅಡ್ರಿನಲಿನ್ ಬೆರೆಸಿ ಕೊಟ್ಟಾಗ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 7 ಮಿಲಿಗ್ರಾಂ ದಾಟಬಾರದು ಎಂಬುದು ವೈದ್ಯಕೀಯದಲ್ಲಿ ಒಪ್ಪಿತವಾದ ಮಿತಿ. 60 ಕಿಲೋ ತೂಕದವರಿಗೆ 420 ಮಿಲಿಗ್ರಾಂ. ಶೇಕಡ 2ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಇರುವುದರಿಂದ 21 ಮಿಲಿಲೀಟರಿಗೆ ಮಿತಿ ಮುಗಿಯಿತು. ಕೀಳುವ ಜಾಗಕ್ಕೂ ನೆಡುವ ಜಾಗಕ್ಕೂ ಇದರಲ್ಲೇ ಆಗಬೇಕು. ಗದ್ದೆ ದೊಡ್ಡದಾದಷ್ಟೂ, ಗಂಟೆಗಳು ಉದ್ದವಾದಷ್ಟೂ ಸೂಜಿ ಮತ್ತೆ ಮತ್ತೆ ಚುಚ್ಚಬೇಕಾಗುತ್ತದೆ. ಮಿತಿ ದಾಟಿದರೆ ಅಪಸ್ಮಾರದಂಥ ಸೆಳೆತ ಬರಬಹುದು, ಹೃದಯದ ಬಡಿತವೇ ಏರುಪೇರಾಗಬಹುದು. ಆದ್ದರಿಂದ ನಿಮ್ಮ ತೂಕ ಕೇಳದೆ ಸೂಜಿ ಹಿಡಿಯುವವರ ಬಳಿ ಕೂರಬೇಡಿ.

ಒಂದು ದಿನಕ್ಕೆ ಸಾಮಾನ್ಯವಾಗಿ ಎರಡರಿಂದ ಮೂರು ಸಾವಿರ ಗ್ರಾಫ್ಟಿಗೆ ನಿಲ್ಲಿಸುವುದು ಇದಕ್ಕೇ. ಹೊತ್ತಾದಷ್ಟೂ ಕಿತ್ತ ಬೇರೂ ಸೊರಗುತ್ತದೆ. ಕಿತ್ತ ಪೈರನ್ನು ಬಿಸಿಲಲ್ಲಿ ಬಿಟ್ಟ ಹಾಗೆ. 2019ರ ಮಾರ್ಚಿನಲ್ಲಿ ಮುಂಬೈಯ ವ್ಯಾಪಾರಿಯೊಬ್ಬರು ಒಂದೇ ಸಲಕ್ಕೆ 9,500 ಗ್ರಾಫ್ಟು ಹಾಕಿಸಿಕೊಂಡು ಎರಡು ದಿನದಲ್ಲಿ ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ತೀವ್ರ ಅಲರ್ಜಿ ಕಾರಣವಿರಬಹುದೆಂದು ವೈದ್ಯರು ಶಂಕಿಸಿದ್ದರು. ಅದಕ್ಕೂ ಮೊದಲು, 2016ರಲ್ಲಿ ಚೆನ್ನೈಯಲ್ಲಿ ಈ ಚಿಕಿತ್ಸೆಗೆ ಹೋದ ವೈದ್ಯ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡ. ಇಂಥ ಸಾವುಗಳು ವಿರಳ, ನಿಜ. ಆದರೆ ಕಾಯಿಲೆಯಲ್ಲದ ಬೊಕ್ಕತಲೆಗೆ ಒಂದು ಸಾವೂ ಹೆಚ್ಚೇ.

ಯಾರ ಕೈಗೆ ತಲೆ ಕೊಡುವುದು?

ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲಿ ಈ ಕುರಿತು ಮಾರ್ಗಸೂಚಿ ಹೊರಡಿಸಿತು. ಕೂದಲು ಕಸಿ ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲೋ ಚರ್ಮರೋಗ ವಿಭಾಗದಲ್ಲೋ ಉನ್ನತ ಪದವಿಯ ತರಬೇತಿ ಪಡೆದ ನೋಂದಾಯಿತ ವೈದ್ಯರಾಗಿರಬೇಕು. ಕಾರ್ಯಾಗಾರದಲ್ಲಿ ಕೂತು ನೋಡಿದ್ದೋ ಯೂಟ್ಯೂಬ್ ನೋಡಿ ಕಲಿತದ್ದೋ ತರಬೇತಿಯಾಗದು ಎಂಬುದು ಅದರ ಸಾರ. ನಮ್ಮ ರಾಜ್ಯದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿ ಪ್ರಮಾಣಪತ್ರವನ್ನು ಎದುರಿಗೇ ತೂಗುಹಾಕಬೇಕು. ಒಳಗೆ ಹೋದ ಕೂಡಲೇ ಕನ್ನಡಿಗಿಂತ ಮೊದಲು ಅದನ್ನು ನೋಡಿ.

ಯಾರಿಗೆ ಮಾಡಬಹುದು ಎಂಬುದಕ್ಕೂ ವೈದ್ಯರೇ ಬರೆದಿಟ್ಟ ನಿಯಮಗಳಿವೆ. ಭಾರತೀಯ ಚರ್ಮರೋಗ ತಜ್ಞರ ಸಂಘದ ಕಾರ್ಯಪಡೆಯ ಪರವಾಗಿ ನರೇಂದ್ರ ಪಟವರ್ಧನ್ ಮತ್ತು ಬೆಂಗಳೂರಿನ ವೆಂಕಟರಾಮ್ ಮೈಸೂರು 2008ರಲ್ಲಿ ಪ್ರಕಟಿಸಿದ ಮಾರ್ಗದರ್ಶಿ ನಾಲ್ಕು ಗುಂಪಿನವರ ವಿಷಯದಲ್ಲಿ ಎಚ್ಚರ ಹೇಳುತ್ತದೆ: ಬೋಳು ಇನ್ನೂ ಬೆಳೆಯುತ್ತಿರುವ ಎಳೆಯ ವಯಸ್ಸಿನವರು, ಆರು ಏಳನೇ ದರ್ಜೆ ತಲುಪಿದ ದಟ್ಟಣೆ ಕಡಿಮೆಯಿರುವವರು, ಆಗದ್ದನ್ನು ನಿರೀಕ್ಷಿಸುವವರು, ದೇಹದಲ್ಲಿ ಬೇರೆ ಗಂಭೀರ ಕಾಯಿಲೆಯಿರುವವರು. ಇವರಲ್ಲಿ ಮೂರನೆಯ ಗುಂಪನ್ನು ಗುರುತಿಸಲು ಯಾವ ಭೂತಗನ್ನಡಿಯೂ ಇಲ್ಲ. 'ನಿಮಗೆ ಏನು ಕಂಡರೆ ಸಮಾಧಾನ?' ಎಂದು ಕೇಳಿ, ಉತ್ತರವನ್ನು ಕೂತು ಆಲಿಸುವ ವೈದ್ಯರು ಬೇಕು.

ಅಂಥವರ ಬಳಿ ಹೋಗುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಐವತ್ತು ಅರವತ್ತು ಕೂದಲನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಆರಕ್ಕಿಂತ ಹೆಚ್ಚು ಕಿತ್ತುಬಂದರೆ ಉದುರುವಿಕೆ ಜೋರಾಗಿದೆ ಎಂದರ್ಥ. ನಾಟಿಯ ಮಾತು ಬಿಟ್ಟು ಮೊದಲು ಕಾರಣ ಹುಡುಕಿಸಬೇಕು. ಅದಕ್ಕೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ ಚೀಟಿ ಮಾಡಿಸಿದರೂ ಆದೀತು. ಏನನ್ನೂ ಮಾರಬೇಕಾದ ಅಗತ್ಯವಿಲ್ಲದ ವೈದ್ಯರ ಅಭಿಪ್ರಾಯ ಮೊದಲು ಸಿಕ್ಕಿದರೆ ಒಳ್ಳೆಯದು.

ನಂತರ ಚಿಕಿತ್ಸಾಲಯಕ್ಕೆ ಹೋದರೆ ದರ ಕೇಳುವ ಮೊದಲು ಇಷ್ಟನ್ನು ಕೇಳಿ. ನನ್ನ ಖಾಲಿ ಜಾಗ ಎಷ್ಟು ಚದರ ಸೆಂಟಿಮೀಟರ್? ಹಿಂದಲೆಯ ದಟ್ಟಣೆ ಎಷ್ಟು, ಅದರಲ್ಲಿ ನವಿರಾಗುತ್ತಿರುವುದು ಎಷ್ಟು? ಈಗ ತೆಗೆದ ಮೇಲೆ ಮುಂದಕ್ಕೆ ಎಷ್ಟು ಉಳಿಯುತ್ತದೆ? ಇನ್ನು ಇಪ್ಪತ್ತು ವರ್ಷಕ್ಕೆ ನನ್ನ ತಲೆ ಹೇಗಿರಬಹುದು? ಕೀಳುವವರು ಯಾರು, ನೆಡುವವರು ಯಾರು, ವೈದ್ಯರು ಕೋಣೆಯಲ್ಲೇ ಇರುತ್ತಾರೆಯೇ? ತುರ್ತು ಬಂದರೆ ಆಮ್ಲಜನಕ, ಔಷಧಿ ಎಲ್ಲಿದೆ? ಇದಕ್ಕೆಲ್ಲ ಅಂಕಿಗಳಲ್ಲಿ ಉತ್ತರ ಬಂದರೆ ಅವರು ನಿಮ್ಮ ತಲೆಯನ್ನು ಅಳೆದಿದ್ದಾರೆ. ನೋಡಿದ ಐದೇ ನಿಮಿಷದಲ್ಲಿ 'ನಾಳೆಯೇ ಬನ್ನಿ, ರಿಯಾಯಿತಿ ಇದೆ' ಎಂದರೆ ಅವರು ಅಳೆದದ್ದು ನಿಮ್ಮ ಜೇಬನ್ನು.

ಮಾಡಿಸಿಕೊಂಡ ಮೇಲೂ ಆತುರಪಡಬಾರದು. ನೆಟ್ಟ ಕೂದಲು ಎರಡರಿಂದ ನಾಲ್ಕು ವಾರದಲ್ಲಿ ಉದುರುತ್ತದೆ. ಮೋಸವಾಯಿತೆಂದು ಗಾಬರಿಯಾಗುವವರು ಬಹಳ. ಬೇರು ಒಳಗೇ ಇರುತ್ತದೆ, ಮೂರು ನಾಲ್ಕು ತಿಂಗಳಿಗೆ ಮೊಳೆಯುತ್ತದೆ, ಪೂರ್ತಿ ಫಲ ಕಾಣಲು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಮುಂದಿನ ತಿಂಗಳು ಹೆಣ್ಣು ನೋಡಲು ಹೋಗಬೇಕೆಂದು ಈ ತಿಂಗಳು ನಾಟಿ ಮಾಡಿಸಿಕೊಂಡರೆ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಅಳೆದು ನೋಡಿದ ಮೇಲೆ 'ನಿಮಗೆ ಇದು ಬೇಡ' ಅಥವಾ 'ಈಗ ಬೇಡ' ಎನ್ನುವ ವೈದ್ಯರು ಸಿಕ್ಕರೆ ಬೇಸರ ಮಾಡಿಕೊಂಡು ಮುಂದಿನ ಬೋರ್ಡಿನ ಕಡೆಗೆ ನಡೆಯಬೇಡಿ. ಬರಬೇಕಾದ ಹಣವನ್ನು ಬಿಟ್ಟು ಅವರು ಆ ಮಾತು ಹೇಳಿದ್ದಾರೆ. ಸಲಹೆಯ ಫೀಸು ಕೊಟ್ಟು, ಕೈಮುಗಿದು, ಆ ಮಾತನ್ನು ಮನೆಗೆ ತನ್ನಿ.